ಕಡೇಬೈಲಿಗೆ ಮೊದಲ ನೀರು

ಒಂದು ಎಕರೆ ಗದ್ದೆಗೆ ಒಮ್ಮೆ ನೀರು ಕಟ್ಟಲು ಎಷ್ಟು ಖರ್ಚು ಎಂದು ಹುಲ್ಲಹಳ್ಳಿ ಸಂತೆಯಲ್ಲಿ ಯಾರನ್ನು ಕೇಳಿದರೂ ನಿಂತ ಕಾಲಲ್ಲಿ ಲೆಕ್ಕ ಹೇಳುತ್ತಾರೆ. ನಾಲೆ ನೀರು ಸಿಗದೆ ಹಳ್ಳದಿಂದ ಎತ್ತಿ ಹಾಯಿಸುವುದಾದರೆ ಡೀಸೆಲ್ ಪಂಪಿಗೆ ಗಂಟೆಗೆ ಒಂದು ಲೀಟರು, ಎಕರೆಗೆ ಐದು ಗಂಟೆ, ಲೀಟರಿಗೆ ಮೂವತ್ತಾರು ರೂಪಾಯಿ. ಪಂಪು ಸ್ವಂತದ್ದಲ್ಲದಿದ್ದರೆ ಬಾಡಿಗೆ ಬೇರೆ. ನಾಟಿಯಿಂದ ಕೊಯ್ಲಿನ ತನಕ ಇಪ್ಪತ್ತು ಸಲ ಹೀಗೆ ಕಟ್ಟಿದವನಿಗೆ ಕೊನೆಯಲ್ಲಿ ಉಳಿಯುವುದು ಹುಲ್ಲು ಮಾತ್ರ. ನಾಲೆ ನೀರಾದರೆ ಸರ್ಕಾರಕ್ಕೆ ಒಂದಿಷ್ಟು ಕಂದಾಯ, ಮತ್ತೆ ಆ ನೀರನ್ನು ತಂದು ಗದ್ದೆಗೆ ಮುಟ್ಟಿಸುವ ನೀರುಗಂಟಿಗೆ ವರ್ಷಕ್ಕೆ ಎಕರೆಗೆ ಒಂದು ಕಟ್ಟು ಭತ್ತ, ತೆನೆ ಸಮೇತ. ಬಡಿದರೆ ಐದಾರು ಸೇರು ಬರುತ್ತದೆ. ಇಡೀ ಬೆಳೆಯಲ್ಲಿ ಇಷ್ಟು ಅಗ್ಗದ ಬಾಬತ್ತು ಇನ್ನೊಂದಿಲ್ಲ.

ಅಕ್ಟೋಬರ್ ತಿಂಗಳ ಒಂದು ಬೆಳಗು. ನಂಜನಗೂಡು ತಾಲ್ಲೂಕಿನ ಹೊಂಗೆಹುಂಡಿಯಲ್ಲಿ ಇನ್ನೂ ಹಾಲಿನ ಡೇರಿಯ ಬಾಗಿಲು ತೆರೆದಿಲ್ಲ. ಒಂಬತ್ತನೇ ತೂಬಿನ ಕಾಲುವೆ ಏರಿಯ ಮೇಲೆ ದೇವಯ್ಯ ನಡೆದು ಬರುತ್ತಿದ್ದಾರೆ. ಹೆಗಲ ಮೇಲೆ ಮಣ್ಣು ತೆಗೆಯುವ ಸನಿಕೆ, ತಲೆಗೆ ಟವೆಲು, ಮೊಣಕಾಲಿನ ತನಕ ಎತ್ತಿ ಕಟ್ಟಿದ ಪಂಚೆ. ಕಾಲಿಗೆ ಏನೂ ಇಲ್ಲ. ಚಪ್ಪಲಿ ಹಾಕಿದರೆ ನೆಲ ಏನು ಹೇಳುತ್ತದೆಂದು ಗೊತ್ತಾಗುವುದಿಲ್ಲವಂತೆ.

ಒಂದು ಗದ್ದೆಯ ಬದುವಿಗೆ ಇಳಿದು, ಪೈರಿನ ಸಾಲಿನ ನಡುವೆ ಬಲಗಾಲಿನ ಹಿಮ್ಮಡಿಯನ್ನು ಬಲವಾಗಿ ಊರಿ ತೆಗೆಯುತ್ತಾರೆ. ಕೆಸರಿನಲ್ಲಿ ಬಟ್ಟಲಿನಷ್ಟು ಗುಂಡಿ. ಆಮೇಲೆ ತಲೆಯ ಟವೆಲು ಬಿಚ್ಚಿ, ಒಮ್ಮೆ ಕೊಡವಿ, ಮತ್ತೆ ಸುತ್ತಿ ಕಟ್ಟುತ್ತಾರೆ. ಕಟ್ಟಿ ಮುಗಿಯುವುದರೊಳಗೆ ಗುಂಡಿಯಲ್ಲಿ ನೀರು ಒಸರಿದರೆ ಆ ಗದ್ದೆಗೆ ಈವತ್ತು ನೀರಿಲ್ಲ. ಒಸರದಿದ್ದರೆ ಕಂಡಿ ತೆಗೆಯಬೇಕು. ಕಂಡಿ ಎಂದರೆ ಕಾಲುವೆ ಏರಿಯಲ್ಲಿ ಗದ್ದೆಗೆ ನೀರು ಬಿಡಲು ಇಟ್ಟಿರುವ ಕಿಂಡಿ. ಎರಡು ಕಲ್ಲು, ನಡುವೆ ಒಂದು ಹಲಗೆ. ಇಂಥವು ಈ ಕಾಲುವೆಗೆ ನಲವತ್ಮೂರು ಇವೆ.

"ಇದು ಇನ್ನೂ ಎಲ್ಡು ದಿನ ತಡ್ಕತದೆ," ಎಂದು ದೇವಯ್ಯ ಗುಂಡಿಯನ್ನು ಕಾಲಲ್ಲೇ ಮುಚ್ಚುತ್ತಾರೆ. "ಮ್ಯಾಲೆ ನೋಡುದ್ರೆ ಒಣಗೋಯ್ತು ಅನ್ಸತದೆ. ಬೇರು ಎಲ್ಲದೆ? ಕೆಳಗದೆ. ಅಲ್ಲಿ ನೀರದೆ. ನಾವು ಬೇರಿಗ್ ಕೊಡಬೇಕಾ, ನೋಡೋರ ಕಣ್ಣಿಗ್ ಕೊಡಬೇಕಾ?"

ಅವರಿಗೀಗ ಅರವತ್ತು. ಎಪ್ಪತ್ತೆಂಟನೇ ಇಸವಿಯಲ್ಲಿ ಅಪ್ಪನ ಕೈಯಿಂದ ಸನಿಕೆ ಇಸಿದುಕೊಂಡವರು. ಕಾಲುವೆಯ ಉದ್ದ ಮೂರೂವರೆ ಕಿಲೋಮೀಟರು. ಅದರ ಕೆಳಗೆ ಇನ್ನೂರ ಹನ್ನೆರಡು ಎಕರೆ, ಎಂಬತ್ನಾಲ್ಕು ಹಿಡುವಳಿದಾರರು. ನೀರು ಬಿಟ್ಟಿರುವ ದಿನಗಳಲ್ಲಿ ಎರಡು ಸಲ ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ಹದಿನಾಲ್ಕು ಕಿಲೋಮೀಟರು ಆಯಿತು. ಏಡಿ ಕೊರೆದ ತೂತಿಗೆ ಹುಲ್ಲು ಮಣ್ಣು ತುರುಕಬೇಕು, ಜೊಂಡು ಕೀಳಬೇಕು, ಬದುವಿನ ಮೇಲೆ ನಿಂತು ಬೈಯುವವರ ಮಾತನ್ನೂ ಕೇಳಬೇಕು. ಸರ್ಕಾರದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಸಂಬಳವಿಲ್ಲ, ರಜೆಯಿಲ್ಲ.

ಊರಿನ ಕಟ್ಟುಪಾಡು ಇನ್ನೊಂದಿದೆ. ನೀರುಗಂಟಿಗೆ ತಾನು ನೀರು ಹಂಚುವ ಕಾಲುವೆಯ ಕೆಳಗೆ ಒಂದು ಗುಂಟೆಯೂ ಜಮೀನಿರಬಾರದು. ಇದ್ದರೆ ಮೊದಲ ನೀರು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಹಾಗಾಗಿ ಇಪ್ಪತ್ತೆಂಟು ವರ್ಷ ಇನ್ನೂರ ಹನ್ನೆರಡು ಎಕರೆಗೆ ನೀರು ಕಟ್ಟಿದ ಮನುಷ್ಯನಿಗೆ ಒಂದು ಮನೆ, ಎರಡು ಹಸು, ಹಿತ್ತಲಲ್ಲಿ ನಾಲ್ಕು ಬಾಳೆ. ಇದರ ಬಗ್ಗೆ ಅವರಿಗೆ ಬೇಸರವಿದೆಯೇ ಎಂದರೆ, "ಬೇಜಾರ್ ಮಾಡ್ಕಂಡು ಯಾರ ಮ್ಯಾಲೆ ತೀರ್ಸ್ಕಳಾದು ಸಾ?" ಎಂದು ನಗುತ್ತಾರೆ. ಪಕ್ಕದಲ್ಲಿದ್ದ ಹೆಂಡತಿ ಚಿಕ್ಕಮಾದಮ್ಮ ನಗುವುದಿಲ್ಲ. "ನನ್ ಮ್ಯಾಲೆ ತೀರ್ಸ್ಕತರೆ, ಇನ್ಯಾರ ಮ್ಯಾಲೆ," ಎನ್ನುತ್ತಾರೆ.

ಮಳೆಯ ಮಾತು ಬಂದಾಗ ದೇವಯ್ಯ ಪಡುವಣ ದಿಕ್ಕಿಗೆ ತಿರುಗುತ್ತಾರೆ. ಪುಸ್ತಕ ಓದಿದವರಲ್ಲ. ಆದರೆ ವೈನಾಡಿನಲ್ಲಿ ಸುರಿದ ಮಳೆ ಎಷ್ಟು ದಿನಕ್ಕೆ ತಮ್ಮ ತೂಬಿನ ಬಾಯಿಗೆ ಬರುತ್ತದೆಂದು ಕಾದು ಕಾದು ತಿಳಿದವರು. "ಮೊದ್ಲು ಪುಷ್ಯ ಮಳೆ ಮುಗಿಯೋದ್ರೊಳಗೆ ಡ್ಯಾಮು ತುಂಬೋಯ್ತಿತ್ತು. ಈಗ ಏಳಕ್ಕಾಗಲ್ಲ. ಬಂದ್ರೆ ಒಂದೇ ಸಲ ಬಂದ್ಬುಟ್ಟು ಏರಿ ಒಡಿತದೆ, ಇಲ್ಲಾಂದ್ರೆ ಬರಾದೇ ಇಲ್ಲ. ನಮ್ಮಪ್ಪ ಏಳಿಕೊಟ್ಟ ಲೆಕ್ಕ ಎಲ್ಲಾ ಸುಳ್ಳಾಗೋಯ್ತು."

ಆ ಲೆಕ್ಕ ಪೂರಾ ಸುಳ್ಳಾದದ್ದು ಎರಡು ಸಾವಿರದ ಎರಡರಲ್ಲಿ. ಕಾಲುವೆಯ ತುದಿಯಲ್ಲಿ ಕಡೇಬೈಲು ಎಂಬ ಅರವತ್ತೆರಡು ಎಕರೆಯ ಬಯಲಿದೆ. ಮೂವತ್ತೊಂದು ಮನೆಗಳ ಭತ್ತ ಅಲ್ಲಿ ಬೆಳೆಯುತ್ತದೆ. ಆ ವರ್ಷ ನೀರು ಕಡಿಮೆ. ಮೇಲಿನ ಗದ್ದೆಯವರು, ನಾಳೆ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ, ಬದು ಎತ್ತರಿಸಿ ಮೊಣಕಾಲುದ್ದ ನಿಲ್ಲಿಸಿಕೊಂಡರು. ಗದ್ದೆಯಲ್ಲಿ ನೀರು ಹೊಳೆಯುತ್ತಿದ್ದರೇನೇ ಬೇಸಾಯಗಾರ ಎಂಬ ಭಾವನೆ ಈ ಸೀಮೆಯಲ್ಲಿ ಮೊದಲಿನಿಂದಲೂ ಇದೆ. ಒಣಗಿದ ಗದ್ದೆ ಕಂಡರೆ ನೆಂಟರು ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಾರೆ. ಹೀಗಾಗಿ ಕಡೇಬೈಲಿಗೆ ನೀರು ಮುಟ್ಟಲೇ ಇಲ್ಲ. ಅಲ್ಲಿ ಒಂದೂಕಾಲು ಎಕರೆ ಇರುವ ಚಲುವಮ್ಮ, ತೆನೆ ಬಾರದ ಪೈರನ್ನು ಕೊಯ್ದು ಹಸುವಿಗೆ ಹಾಕಿದರು. "ಅಸ ತಿಂತಾ ನನ್ ಮೊಕ ನೋಡ್ತು ಕಣಪ್ಪ," ಎಂದು ಅವರು ಈಗಲೂ ಹೇಳುತ್ತಾರೆ. "ಅದ್ಕೇ ನಾಚ್ಕೆ ಆಯ್ತೇನೋ." ಆ ವರ್ಷ ಕಡೇಬೈಲಿನಿಂದ ದೇವಯ್ಯನಿಗೆ ಒಂದು ಕಟ್ಟೂ ಬರಲಿಲ್ಲ. ಅವರು ಕೇಳಲೂ ಇಲ್ಲ.

ಮರುವರ್ಷ ಇನ್ನೂ ಕಷ್ಟ. ಹತ್ತು ದಿನ ನೀರು ಬಿಟ್ಟು ಹತ್ತು ದಿನ ನಿಲ್ಲಿಸುವುದೆಂದು ಡಂಗುರವಾಯಿತು. ಊರಿನವರು ಸಿದ್ದಮಲ್ಲಪ್ಪನವರ ಮನೆ ಜಗಲಿಯ ಮೇಲೆ ಸೇರಿದರು. ಸಿದ್ದಮಲ್ಲಪ್ಪ ಕಾಲುವೆಯ ಮೇಲ್ಭಾಗದ ದೊಡ್ಡ ಹಿಡುವಳಿದಾರ, ಮಠಕ್ಕೆ ನಡೆದುಕೊಳ್ಳುವ ಮನುಷ್ಯ, ಖಡಾಖಂಡಿತ ಮಾತು. ದೇವಯ್ಯ ವಾಡಿಕೆಯಂತೆ ಅಂಗಳದಲ್ಲಿ ಸನಿಕೆ ಊರಿಕೊಂಡು ನಿಂತಿದ್ದರು. ಎಲ್ಲರೂ ಮಾತಾಡಿ ಸುಸ್ತಾದ ಮೇಲೆ ಅವರು ಒಂದು ವಿಚಾರ ಎತ್ತಿದರು. ಹತ್ತು ದಿನದ ನೀರಿನಲ್ಲಿ ಮೊದಲ ಪಾಲು ಕಡೇಬೈಲಿಗೆ ಹೋಗಲಿ. ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಕಂಡಿ ತೆಗೆಯುತ್ತೇನೆ. ಯಾರ ಗದ್ದೆಯಲ್ಲೂ ಎರಡು ಬೆರಳಿಗಿಂತ ಹೆಚ್ಚು ನೀರು ನಿಲ್ಲಬಾರದು. ಅದು ಇಂಗಿದ ಮೇಲೆ ನಾಲ್ಕೈದು ದಿನ ಗದ್ದೆ ಒಣಗಲಿ. ಹೂ ಕಟ್ಟುವ ಕಾಲಕ್ಕೆ ಮಾತ್ರ ಒಣಗಿಸುವುದು ಬೇಡ.

ಜಗಲಿಯ ಮೇಲೆ ಗದ್ದಲವೆದ್ದಿತು. ಸಿದ್ದಮಲ್ಲಪ್ಪ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಭತ್ತದ ಗದ್ದೆ ಒಣಗಿಸು ಅಂತೀಯಲ್ಲೋ ದೇವಯ್ಯ, ನಮ್ಮ ಕೈಲಿ ರಾಗಿ ಬೆಳೆಸ್ತೀಯೋ?"

"ಭತ್ತ ಸಾಯದಿಲ್ಲ ಬುದ್ದಿ. ನಾನು ಕಂಡಿವ್ನಿ."

"ಎಲ್ಲಿ ಕಂಡಿದ್ದೀಯ?"

 ಇದಕ್ಕೆ ಉತ್ತರ ಹೇಳಿದರೆ ಏನಾಗುತ್ತದೆಂದು ದೇವಯ್ಯನಿಗೆ ಗೊತ್ತಿತ್ತು. ಏಳು ವರ್ಷದಿಂದ ಮುಚ್ಚಿಟ್ಟ ಮಾತು ಅದು. ನೀರುಗಂಟಿ ತನ್ನ ಕೆಲಸದಲ್ಲಿ ಮಾಡಬಾರದ ತಪ್ಪು. ಆದರೆ ಕೈಯಲ್ಲಿದ್ದ ಸಾಕ್ಷಿಯೂ ಅದೊಂದೇ.

"ನಿಮ್ ಗದ್ದೇಲೇ ಕಂಡೆ ಬುದ್ದಿ," ಎಂದರು.

ನಡೆದದ್ದಿಷ್ಟು. ತೊಂಬತ್ತಾರರಲ್ಲಿ ಸಿದ್ದಮಲ್ಲಪ್ಪ ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಹೋಗಿ ಮಗಳ ಮನೆಯಲ್ಲಿ ಒಂದು ತಿಂಗಳು ಉಳಿದಿದ್ದರು. ಅವರ ಜಮೀನಿನಲ್ಲಿ ಎರಡು ಎಕರೆಯ ಒಂದು ತುಂಡಿಗೆ ಹೋಗುವ ಕಂಡಿಯ ಪಕ್ಕ ಏಡಿ ತೂತು ಬಿದ್ದು ನೀರು ಪೋಲಾಗುತ್ತಿತ್ತು. ದೇವಯ್ಯ ಹಲಗೆ ಹಾಕಿ ಕಂಡಿ ಮುಚ್ಚಿ, ತೂತಿಗೆ ಮಣ್ಣು ಮೆತ್ತುತ್ತಿದ್ದಾಗ ಸೋಮನಾಥಪುರದಿಂದ ಆಳು ಬಂದ. ಮಾವ, ಚಿಕ್ಕಮಾದಮ್ಮನ ಅಪ್ಪ, ತೀರಿಕೊಂಡಿದ್ದರು. ದೇವಯ್ಯ ಸನಿಕೆಯನ್ನು ತಮ್ಮನ ಕೈಗೆ ಕೊಟ್ಟು ಹೆಂಡತಿಯೊಡನೆ ಬಸ್ಸು ಹತ್ತಿದರು. ಎಲ್ಲ ಕಂಡಿಯ ವಿಚಾರ ಹೇಳಿದರು, ಮುಚ್ಚಿದ ಆ ಒಂದರದ್ದು ಬಿಟ್ಟು. ಹನ್ನೊಂದು ದಿನದ ಕಾರ್ಯ ಮುಗಿಸಿ ಬಂದು ನೋಡಿದರೆ ಹಲಗೆ ಹಾಕಿದ ಹಾಗೇ ಇದೆ. ಎರಡು ಎಕರೆಯಲ್ಲೂ ಕೂದಲೆಳೆಯ ಬಿರುಕು. ಹಲಗೆ ಕಿತ್ತು ನೀರು ಬಿಟ್ಟು, ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಹದಿನೈದು ದಿನದ ಮೇಲೆ ಅದೇ ಗದ್ದೆಯ ಪೈರು ಪಕ್ಕದ ಗದ್ದೆಯದಕ್ಕಿಂತ ಹೆಚ್ಚು ತೆಂಡೆ ಒಡೆದು, ಬುಡದಲ್ಲಿ ಮರಿಪೈರು ಕಟ್ಟಿಕೊಂಡು ನಿಂತಿತ್ತು. ಹಿಂದಿನ ವರ್ಷ ಐವತ್ತೇಳು ಮೂಟೆ ಬಂದಿದ್ದ ಜಾಗದಲ್ಲಿ ಐವತ್ತೆಂಟು ಬಂತು.

ಇದನ್ನೆಲ್ಲ ಅಂಗಳದಲ್ಲಿ ನಿಂತು ಹೇಳಿ ಮುಗಿಸಿದಾಗ ಜಗಲಿಯ ಮೇಲಿದ್ದವರೆಲ್ಲ ಮನೆಯ ಯಜಮಾನರ ಕಡೆ ತಿರುಗಿದರು. ಸಿದ್ದಮಲ್ಲಪ್ಪನವರ ಮುಖ ಕೆಂಪಾಯಿತು. "ಸುಳ್ಳು ಬೊಗಳ್ತಾನೆ. ಆ ವರ್ಷ ನಾನು ಹೊಂಗೆ ಹಿಂಡಿ ಹಾಕಿಸಿದ್ದೆ. ಅದಕ್ಕೆ ಬಂದ ಫಸಲು ಅದು."

"ಸುಳ್ಳಲ್ಲ, ನಾನೂ ಕಂಡಿದ್ದೆ," ಎಂದು ಬಾಗಿಲ ಒಳಗಿನಿಂದ ಒಂದು ದನಿ ಬಂತು. ಅವರ ಹೆಂಡತಿ ಗುರುಬಸಮ್ಮ.

"ನೀನೆಲ್ಲಿ ಕಂಡೆ?"

"ನೀವು ಕಣ್ಣಿಗೆ ಬಟ್ಟೆ ಕಟ್ಕೊಂಡು ಮೈಸೂರಲ್ಲಿ ಮಲಗಿದ್ರಲ್ಲ, ಆಗ. ಮನೇಲಿ ಕಣ್ಣು ಇದ್ದದ್ದು ನನಗೊಬ್ಬಳಿಗೇ."

"ಏಳು ವರ್ಷ ಬಾಯಿ ಬಿಡಲಿಲ್ಲವಲ್ಲೇ!"

"ಐವತ್ತೆಂಟು ಮೂಟೆ ಬಂತಲ್ಲ. ಬಾಯಿ ಬಿಟ್ಟು ಅವನ ಅನ್ನ ಕಳೆಯೋದು ಯಾಕೆ ಅಂತ ಸುಮ್ಮನಿದ್ದೆ. ಹಿಂಡಿಯಿಂದ ಬಂತು ಅಂತ ನೀವು ಊರಿಗೆಲ್ಲ ಹೇಳ್ಕೊಂಡು ಬಂದ್ರಿ. ನಾನೇನು ಮಾಡ್ಲಿ?"

"ನಿಮ್ ಮಾತ್ ಕೇಳ್ಕಂಡು ನಾನೂ ಎರಡು ಗಾಡಿ ಹಿಂಡಿ ತಂದೆ ಕಣ್ರೀ," ಎಂದು ಜಗಲಿಯ ಮೂಲೆಯಲ್ಲಿದ್ದ ಒಬ್ಬ ಗೊಣಗಿದ. ನಗು ತಡೆಯಲು ಯಾರಿಂದಲೂ ಆಗಲಿಲ್ಲ. ಸಿದ್ದಮಲ್ಲಪ್ಪ ಮಾತ್ರ ನಗಲಿಲ್ಲ. ನಗು ಇಳಿದ ಮೇಲೆ ಹೇಳಿದರು: "ಆಯ್ತು. ನೀನು ಹೇಳಿದ ಹಾಗೇ ಆಗಲಿ. ಬೆಳೆ ಕೆಟ್ಟರೆ ಕಣದಲ್ಲಿ ಸನಿಕೆ ಇಟ್ಟು ಹೋಗಬೇಕು. ಮತ್ತೆ ಏರಿ ಹತ್ತಬಾರದು."

ನೀರುಗಂಟಿ ಸನಿಕೆ ಕೆಳಗಿಟ್ಟು ಹೋದನೆಂದರೆ ಆ ಕೆಲಸ ಅವನ ಮನೆತನಕ್ಕೆ ಮುಗಿಯಿತು. ಜಮೀನಿಲ್ಲದ ಮನೆಗೆ ವರ್ಷದ ಅನ್ನವೂ ಮುಗಿಯಿತು. ದೇವಯ್ಯ ಒಪ್ಪಿಕೊಂಡು ಮನೆಗೆ ಬಂದಾಗ ಚಿಕ್ಕಮಾದಮ್ಮ ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಮುದ್ದೆ ಇಕ್ಕುತ್ತಾ, "ನಿಮ್ಗ್ ಬುದ್ದಿ ಇಲ್ಲ ಅಂತ ನಮ್ಮಪ್ಪ ಸಾಯೋವರ್ಗೂ ಏಳ್ತಿದ್ದ. ಸತ್ ಮ್ಯಾಲೂ ತೋರುಸ್ಬುಟ್ರಿ," ಎಂದರಂತೆ.

ಆ ಹಂಗಾಮಿನಲ್ಲಿ ನಲವತ್ತೆರಡು ಕಂಡಿಯ ಬಾಯಿ ಕಟ್ಟಿ ಮೊದಲ ನೀರನ್ನು ಕಡೇಬೈಲಿಗೆ ಒಯ್ದದ್ದು ಊರು ಎಂದೂ ಕಾಣದ ನೋಟ. ತಮ್ಮ ಬದುವಿನ ಪಕ್ಕದಲ್ಲೇ ಹರಿದು ಹೋಗುತ್ತಿರುವ ನೀರನ್ನು ಮೇಲಿನವರು ಕೈಕಟ್ಟಿ ನೋಡುತ್ತ ನಿಂತರು. ಮೂರು ದಿನಕ್ಕೆ ಕೆಳಗಿನ ಅರವತ್ತೆರಡು ಎಕರೆ ನೆನೆಯಿತು. ಆಮೇಲೆ ಮೇಲಕ್ಕೆ ಹತ್ತುವ ಕೆಲಸ. ಒಣಗಲು ಬಿಟ್ಟ ಗದ್ದೆಗಳನ್ನು ನೋಡಲು ಸಿದ್ದಮಲ್ಲಪ್ಪ ದಿನಾ ಬೆಳಿಗ್ಗೆ ಕೊಡೆ ಹಿಡಿದು ಬರುತ್ತಿದ್ದರು.  ಬದುವಿನ ಮೇಲೆ ಕೊಡೆಯ ತುದಿಯಿಂದ ಮಣ್ಣು ಕೆದಕಿ ನೋಡಿ ಹೊರಟುಹೋಗುತ್ತಿದ್ದರು. ಯಾವ ಗದ್ದೆಗೆ ಯಾವಾಗ ನೀರು ಎಂದು ಅಂದಾಜು ತಪ್ಪಬಾರದೆಂದು ಹಿಮ್ಮಡಿಯ ಉಪಾಯ ಹುಟ್ಟಿದ್ದು ಆಗಲೇ. ಎರಡು ಸಲ ತಪ್ಪಿತು. ಮರಳು ಮಿಶ್ರ ಮಣ್ಣಿನ ಎರಡು ಗದ್ದೆಗಳಲ್ಲಿ ಪೈರಿನ ತುದಿ ಕೆಂಚಾಯಿತು. ಅಂಥ ಮಣ್ಣಿಗೆ ಒಂದು ದಿನ ಮುಂಚೆ ಕೊಡಬೇಕೆಂದು ತಿಳಿಯಿತು.

ಆರನೇ ದಿನ ಮೂರು ಕಂಡಿಗಳ ಹಲಗೆ ಯಾರೋ ಎತ್ತಿದ್ದರು. ದೇವಯ್ಯ ಸದ್ದಿಲ್ಲದೆ ಮುಚ್ಚಿ ಮುಂದೆ ಹೋದರು. "ಯಾರು ಅಂತ ಗೊತ್ತು ಸಾ. ಎಸ್ರು ಏಳುದ್ರೆ ನಾಳಿಂದ ಅಂವ ನಂಗೆ ಎದ್ರಾಳಿ. ಸುಮ್ನೆ ಮುಚ್ಬುಟ್ಟು, ಅವ್ನ ಮನೆ ಮುಂದ್ಗಡೆನೇ 'ಊಟ ಆಯ್ತಾ ಗೌಡ್ರೆ' ಅಂತ ಕೇಳ್ಕಂಡ್ ಓದೆ. ಅಂವ ಮತ್ತೆ ಮುಟ್ಲಿಲ್ಲ."

ಒಣಗಿದ ಗದ್ದೆ ಸುಮ್ಮನಿರುವುದಿಲ್ಲ. ನೀರಿನಡಿ ಅಡಗಿದ್ದ ಕಳೆಯೆಲ್ಲ ತಲೆಯೆತ್ತಿತು. ಒಂದು ಸಲ ಕೀಳುತ್ತಿದ್ದ ಕಡೆ ಎರಡು ಸಲ ಕೀಳಿಸಬೇಕಾಯಿತು. ಎಕರೆಗೆ ಹತ್ತು ಹೆಣ್ಣಾಳು ಹೆಚ್ಚಿಗೆ. ಇದನ್ನು ದೇವಯ್ಯ ಮುಂಚೆ ಊಹಿಸಿರಲಿಲ್ಲ. ಕಂಡ ಮೇಲೆ ಮನೆ ಮನೆಗೆ ಹೋಗಿ ಹೇಳಿದರು. ಕೆಲವರು ಕೇಳಿದರು, ಕೆಲವರು ಕೈ ಬಿಗಿ ಹಿಡಿದರು.

ಜನವರಿಯಲ್ಲಿ ಕಣಗಳು ಸಿದ್ಧವಾದವು. ಕಡೇಬೈಲಿನ ಅರವತ್ತೆರಡು ಎಕರೆಯೂ ಬೆಳೆದಿತ್ತು. ಚಲುವಮ್ಮನ ಒಂದೂಕಾಲು ಎಕರೆಗೆ ಮೂವತ್ತೊಂದು ಮೂಟೆ. ಆದರೆ ತೀರ್ಮಾನವಾಗಬೇಕಿದ್ದುದು ಸಿದ್ದಮಲ್ಲಪ್ಪನವರ ಕಣದಲ್ಲಿ, ಅದೇ ಎರಡು ಎಕರೆಯ ರಾಶಿಯಲ್ಲಿ. ದೇವಯ್ಯ ಸನಿಕೆಯನ್ನು ಕಣದ ಅಂಚಿನಲ್ಲಿ ಮಲಗಿಸಿ ಪಕ್ಕದಲ್ಲಿ ಕೂತಿದ್ದರು. ರಾಶಿ ಅಳೆದು ಮೂಟೆ ಹೊಲಿದಾಯಿತು. ಸಿದ್ದಮಲ್ಲಪ್ಪ ತಾವೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಐವತ್ನಾಲ್ಕು. ನಾಲ್ಕು ಕಡಿಮೆ."

"ಕಳೆ ಎಲ್ಡ್ ಸಲ ಕೀಳ್ಸಿ ಅಂದೆ. ಒಂದ್ಸಲ ಕೀಳ್ಸುದ್ರಿ ಬುದ್ದಿ. ನೀರು ನಾನು ಕೊಟ್ಟೆ."

ಸಿದ್ದಮಲ್ಲಪ್ಪ ಮೂಟೆಗಳ ಕಡೆಯಿಂದ ತಿರುಗಿದರು. ನೀರುಗಂಟಿಗೆಂದು ಬಡಿಯದೆ ತೆಗೆದಿಟ್ಟಿದ್ದ ಎರಡು ಕಟ್ಟುಗಳ ಹತ್ತಿರ ಹೋಗಿ, ಒಂದನ್ನು ಎತ್ತಿ ದೇವಯ್ಯನ ಮುಂದೆ ಹಾಕಿದರು. ಇನ್ನೊಂದನ್ನು ತಮ್ಮ ಮೂಟೆಗಳ ಕಡೆಗೆ ಎಸೆದರು.

"ಅದು ತೊಂಬತ್ತಾರನೇ ಇಸವಿ ಬಾಬತ್ತು. ಹನ್ನೊಂದು ದಿನ ನೀರು ಕೊಡಲಿಲ್ಲವಲ್ಲ, ಅದಕ್ಕೆ ಮುರ್ಕೊಂಡೆ." ಆಮೇಲೆ, ಮೂಟೆ ಹೇರಲು ಎತ್ತಿನ ಗಾಡಿ ಹೊಡೆದು ತರುತ್ತಿದ್ದವನ ಕಡೆ ತಿರುಗುತ್ತಾ, "ಆ ಸನಿಕೆ ಎತ್ಕೊಂಡು ಆಚೆ ನಿಂತ್ಕೊ ದೇವಯ್ಯ. ಎತ್ತು ತುಳಿದೀತು," ಎಂದರು.

ಅಂದು ದೇವಯ್ಯ ಸನಿಕೆ ಎತ್ತಿಕೊಂಡರು. ಮುಂದಿನ ವರ್ಷ ಮಳೆ ಪರವಾಗಿಲ್ಲ ಎನ್ನುವಂತಿತ್ತು. ಅದರ ಮುಂದಿನ ವರ್ಷ ಬೇಡವೆನ್ನುವಷ್ಟು ಬಂತು. ಆದರೂ ಕೆಳಗಿನಿಂದ ಮೇಲಕ್ಕೆ ನೀರು ಕಟ್ಟುವ ಪದ್ಧತಿಯನ್ನು ಊರು ಬಿಡಲಿಲ್ಲ. ಬಿಡೋಣವೆಂದು ಒಬ್ಬಿಬ್ಬರು ಎತ್ತಿದ ಮಾತಿಗೆ ಸಿದ್ದಮಲ್ಲಪ್ಪನವರೇ ಅಡ್ಡ ಬಂದರು. ತಮ್ಮ ಗದ್ದೆಯ ಈ ಗುಣವನ್ನು ಮೊದಲು ಕಂಡುಹಿಡಿದದ್ದು ತಾವೇ ಎಂಬಂತೆ ಅವರೀಗ ಮಾತಾಡುತ್ತಾರೆಂದು ಗುರುಬಸಮ್ಮ ಹೇಳುತ್ತಾರೆ. "ಹಿಂಡಿ ವಿಷಯ ಈಗ ಎತ್ತೋದಿಲ್ಲ," ಎಂದೂ ಸೇರಿಸುತ್ತಾರೆ.

ಕಳೆದ ವರ್ಷ ಕೃಷಿ ವಿಜ್ಞಾನ ಓದುತ್ತಿರುವ ತೇಜಸ್ವಿನಿ ಎಂಬ ಸಂಶೋಧಕಿ ಊರಿಗೆ ಬಂದರು. ಗದ್ದೆಯ ನಡುವೆ ಗಾಜಿನಂಥ ಪಾರದರ್ಶಕ ಪೆಟ್ಟಿಗೆಗಳನ್ನು ಪೈರಿನ ಮೇಲೆ ಬೋರಲು ಹಾಕಿ, ಒಳಗಿನ ಗಾಳಿಯನ್ನು ಇಂಜೆಕ್ಷನ್ ಸಿರಿಂಜಿನಲ್ಲಿ ಎಳೆದು ಸೀಸೆಗೆ ತುಂಬಿದರು. ಇಡೀ ಹಂಗಾಮು ಹೀಗೇ ನಡೆಯಿತು. ಭತ್ತಕ್ಕೆ ಜ್ವರ ಬಂದಿದೆ ಎಂದು ಊರಿನವರು ತಮಾಷೆ ಮಾಡಿದರು. ದೇವಯ್ಯ ಆಕೆಯ ಪೆಟ್ಟಿಗೆ ಹೊತ್ತು ಹಿಂದೆ ಹಿಂದೆ ತಿರುಗಿದರು.

ತೇಜಸ್ವಿನಿ ಹೇಳಿದ್ದನ್ನು ದೇವಯ್ಯ ತಮಗೆ ತಿಳಿದಂತೆ ಒಪ್ಪಿಸುತ್ತಾರೆ. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಕೆಸರಿಗೆ ಗಾಳಿ ಹೋಗುವುದಿಲ್ಲ. ಒಳಗೆ ಕೊಳೆತ ಹುಲ್ಲು ಬೇರಿನಿಂದ ಮೀಥೇನ್ ಎಂಬ ಅನಿಲ ಹುಟ್ಟಿ ಮೇಲಕ್ಕೆ ಬರುತ್ತದೆ. ಸಗಣಿ ಗ್ಯಾಸಿನಲ್ಲಿ ಉರಿಯುವುದೂ ಅದೇ. ಆಕಾಶಕ್ಕೆ ಹೋಗಿ ಕಂಬಳಿ ಹೊದ್ದಿಸಿದ ಹಾಗೆ ಭೂಮಿಯ ಕಾವನ್ನು ಹಿಡಿದಿಡುತ್ತದೆ. ಕಾವು ಏರಿದಂತೆಲ್ಲ ಮಳೆ ಹದ ತಪ್ಪುತ್ತದೆ. ನಡುನಡುವೆ ಗದ್ದೆ ಒಣಗಿಸಿದರೆ ಆ ಅನಿಲ ಸುಮಾರು ಅರ್ಧಕ್ಕರ್ಧ ಇಳಿಯುತ್ತದೆ.

"ಆ ಗುಳ್ಳೆ ನಂಗೊತ್ತಿತ್ತು ಕಣವ್ವ ಅಂದೆ. ಕಾಲಿಟ್ರೆ ಗುಳುಗುಳು ಅಂತ ಬತ್ತದೆ. ಉಡುಗ್ರಾಗಿದ್ದಾಗ ಗದ್ದೆ ಉಸ್ರಾಡ್ತದೆ ಅಂತಿದ್ವಿ." ದೇವಯ್ಯ ಮುಂದುವರಿಸುತ್ತಾರೆ. "ಅಂಗಾರೆ ಮಳೆ ತಪ್ಪಿದ್ದು ನಮ್ ಗದ್ದೆಯಿಂದ್ಲಾ ಅಂತ ಕೇಳ್ದೆ. ಇಪ್ಪತ್ತೈದು ವರ್ಷ ನೀರು ನಿಲ್ಸಿದ್ದು ನಾನೇ ತಾನೆ ಸಾ. ಆ ಉಡುಗಿ ನಕ್ಕಂಡು, ನಿಮ್ ಒಬ್ರುದಲ್ಲ ಅಜ್ಜ, ದೇಶದ ಗದ್ದೆ ಎಲ್ಲಾ ಸೇರ್ತದೆ, ಅದ್ಕಿಂತ ಜಾಸ್ತಿ ಕಲ್ಲಿದ್ಲು, ಲಾರಿ, ಕಾರು, ಪ್ಯಾಕ್ಟ್ರಿ ಒಗೆ ಅಂದ್ಳು. ಆಮ್ಯಾಕೆ ವಸಿ ಸಮಾಧಾನ ಆಯ್ತು. ಪೂರಾ ಆಗ್ಲಿಲ್ಲ."

ಆಕೆ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಯೂರಿಯಾ ಎರಚಿದ ಕೂಡಲೇ ಗದ್ದೆ ಒಣಗಲು ಬಿಟ್ಟರೆ ಬೇರೊಂದು ಅನಿಲ ಹೊರಡುತ್ತದೆ, ಅದೂ ಒಳ್ಳೆಯದಲ್ಲ. ಅಂದಿನಿಂದ ಯಾರು ಯಾವ ದಿನ ಯೂರಿಯಾ ಹಾಕುತ್ತಾರೆಂಬ ವಿಚಾರವನ್ನೂ ದೇವಯ್ಯ ತಲೆಯಲ್ಲಿಟ್ಟುಕೊಂಡು ತಿರುಗುತ್ತಾರೆ. ಎಂಬತ್ನಾಲ್ಕು ಮನೆಯದು. ಬರೆದುಕೊಳ್ಳುವ ಅಭ್ಯಾಸವಿಲ್ಲ.

ಈ ಬೇಸಿಗೆಯಲ್ಲಿ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕಡೆಯಿಂದ ಇಬ್ಬರು ನೀರುಗಂಟಿಗಳು ಹುಡುಕಿಕೊಂಡು ಬಂದಿದ್ದರು. ಹೆಂಡತಿಯ ತವರಿನ ಜನ. ಅವರ ನಾಲೆಗೆ ನೀರು ಬಿಟ್ಟ ಮೇಲೆ ದೇವಯ್ಯ ನಾಲ್ಕು ದಿನ ಹೋಗಿದ್ದು ಕೆಲಸ ತೋರಿಸಿ ಬಂದರು. ಬಸ್ ಚಾರ್ಜು, ಊಟ, ಬರುವಾಗ ಒಂದು ಗೊನೆ ಬಾಳೆಕಾಯಿ. ಅಲ್ಲಿಯೂ ಮೇಲಿನ ಗದ್ದೆಯವರು ಮುಖ ಊದಿಸಿಕೊಂಡಿದ್ದಾರಂತೆ. "ಊದ್ಸ್ಕಳ್ಳಿ, ಇಳಿತದೆ. ನಮ್ಮೂರಲ್ಲೂ ಇಳೀತು," ಎನ್ನುತ್ತಾರೆ.

ಕೇಳಿಕೊಳ್ಳಲು ಅವರಿಗಿರುವುದು ಒಂದೇ ವಿಷಯ. ಕಡೇಬೈಲಿಗೆ ಮುಂಚೆ ನಲವತ್ತು ಅಡಿ ಕಾಲುವೆ ಮರಳು ನೆಲದಲ್ಲಿ ಹಾಯುತ್ತದೆ. ಅಲ್ಲಿ ತಳಕ್ಕೆ ಕಲ್ಲು ಸಿಮೆಂಟು ಹಾಕಿಸಿದರೆ ನೀರು ಅರ್ಧ ಗಂಟೆ ಮುಂಚೆ ಮುಟ್ಟುತ್ತದೆ. ಮೂರು ವರ್ಷದಿಂದ ಅರ್ಜಿ ಕೊಡಿಸುತ್ತಲೇ ಇದ್ದಾರೆ.

ತೇಜಸ್ವಿನಿಯ ವರದಿಯ ಒಂದು ಪ್ರತಿ ಊರಿಗೆ ಬಂದಿದೆ. ಅದರಲ್ಲಿ "ಈ ಕಾಲುವೆಯ ರೈತರು ನೀರಿನ ಕ್ರಮವನ್ನು ಬದಲಿಸಿಕೊಂಡಿದ್ದಾರೆ" ಎಂದಿದೆ. ದೇವಯ್ಯನ ಹೆಸರಿಲ್ಲ. ಜಮೀನಿಲ್ಲದವರು ರೈತರ ಪಟ್ಟಿಯಲ್ಲಿ ಬರುವುದಿಲ್ಲ. ಓದಿಸಿ ಕೇಳಿದ ಚಲುವಮ್ಮನಿಗೆ ಸಿಟ್ಟು ಬಂದು ನೇರ ಕಾಲುವೆ ಏರಿಗೇ ನಡೆದು ಬಂದಿದ್ದಾರೆ.

"ನಿನ್ನೆಸ್ರೇ ಆಕಿಲ್ವಂತಲ್ಲ ದೇವಣ್ಣ! ಅಷ್ಟ್ ದಿನ ಆ ಉಡುಗಿ ಪೆಟ್ಗೆ ಒತ್ತಿದ್ದು ಯಾರು?"

"ನಾ ರೈತ ಅಲ್ವಲ್ಲ ಚಲುವವ್ವ."

"ಮತ್ತೆ ನಿಂಗೇನ್ ಸಿಕ್ತು?"

ದೇವಯ್ಯ ಸನಿಕೆಯ ಮೇಲೆ ಭಾರ ಹಾಕಿ ನಿಂತು ಕೆಳಗಿನ ಬಯಲನ್ನು ನೋಡುತ್ತಾರೆ. ಅಲ್ಲಿ ಭತ್ತ ಒಳಗೆ ತೆನೆ ಹಿಡಿದು ಹೊಡೆಗಟ್ಟಿದೆ.

"ಮ್ಯಾಲಿನವ್ರ್ಗೆ ಆ ವರ್ಷ ಎಕ್ರೆಗೆ ಎಲ್ಡ್ ಮೂಟೆ ಓಯ್ತು. ಕಳೆ ಕೂಲಿ ಜಾಸ್ತಿ ಆಯ್ತು. ಗದ್ದೇಲಿ ಮೊದ್ಲಂಗೆ ಏಡಿ, ಮೀನು ಸಿಗಲ್ಲ. ನಮ್ ಮನೆಯವ್ಳು ಅದ್ನೇ ಏಳ್ತಾ ಇರ್ತಾಳೆ. ನಂಗೆ ಒಂದು ಕಟ್ಟು ಓಯ್ತು," ಎಂದು ಒಂದೊಂದೇ ಬೆರಳು ಮಡಚುತ್ತಾರೆ. "ಕಡೇಬೈಲು ಮೂರು ವರ್ಷದಿಂದ ಒಂದು ಗುಂಟೇನೂ ಬೀಳು ಬಿದ್ದಿಲ್ಲ."